ತೂಕವಿಲ್ಲದ ಸರಕು

ಹಾಸನದ ಓದುಗರೊಬ್ಬರ ಪತ್ರ: “ಕ್ಷುದ್ರಗ್ರಹಗಳಲ್ಲಿ ಚಿನ್ನ, ಪ್ಲಾಟಿನಂ ಇದೆ ಎಂದು ಹೋದ ಸಂಚಿಕೆಯಲ್ಲಿ ಓದಿದೆ. ಹಾಗಿದ್ದರೆ ಉದ್ಯಮಿಗಳು ಯಾಕೆ ಮುಗಿಬೀಳುತ್ತಿಲ್ಲ? ಬಾಹ್ಯಾಕಾಶದಲ್ಲಿ ಇಂಧನದ ಬಂಕು, ರಿಪೇರಿ ಶೆಡ್ಡು ಎಲ್ಲ ಸರ್ಕಾರದ ದುಡ್ಡಿನಲ್ಲೇ ಆಗಬೇಕೆ?”

ಸಂಪಾದಕರ ಉತ್ತರ:

ಮುಗಿಬಿದ್ದವರೂ ಇದ್ದರು ಸ್ವಾಮಿ. ಅಮೆರಿಕದ ಪ್ಲಾನೆಟರಿ ರಿಸೋರ್ಸಸ್ ಕಂಪನಿ 2012ರಲ್ಲಿ ಕ್ಷುದ್ರಗ್ರಹದ ಗಣಿಗಾರಿಕೆ ಮಾಡುತ್ತೇವೆಂದು ಸಾರಿತು. ಗೂಗಲ್‌ನ ಲ್ಯಾರಿ ಪೇಜ್ ಅಂಥವರೇ ಹಣ ಹಾಕಿದ್ದರು. 2018ರಲ್ಲಿ ಅದು ಒಂದು ಬ್ಲಾಕ್‌ಚೈನ್ ಕಂಪನಿಯ ಪಾಲಾಯಿತು. ಲೆಕ್ಕ ನೀವೇ ಹಾಕಿ: ನಾಸಾದ ಒಸಿರಿಸ್-ರೆಕ್ಸ್ ನೌಕೆ ಏಳು ವರ್ಷದ ಪ್ರಯಾಣ ಮುಗಿಸಿ 2023ರ ಸೆಪ್ಟೆಂಬರಿನಲ್ಲಿ ‘ಬೆನ್ನು’ ಎಂಬ ಕ್ಷುದ್ರಗ್ರಹದಿಂದ ತಂದುಕೊಟ್ಟದ್ದು 121.6 ಗ್ರಾಂ ಪುಡಿ. ಖರ್ಚು ನೂರು ಕೋಟಿ ಡಾಲರಿಗೂ ಮೇಲೆ. ವಿಜ್ಞಾನಿಗಳಿಗೆ ಅದು ಬೆಲೆ ಕಟ್ಟಲಾಗದ ನಿಧಿ, ಒಪ್ಪಿದೆ. ಆದರೆ ಅಷ್ಟೂ ಅಪರಂಜಿಯೇ ಆಗಿದ್ದರೂ ವ್ಯಾಪಾರಿಗೆ ಮೂಗಿಗಿಂತ ಮೂಗುತಿ ಭಾರ.

ಮೇಲಿನಿಂದ ಬಂದು ನಿಜವಾಗಿ ಕಾಸು ಹುಟ್ಟಿಸಿದ ಸರಕಿಗೆ ತೂಕವೇ ಇಲ್ಲ. ಟಿವಿ ಸಿಗ್ನಲ್ಲು, ಫೋನಿನ ಮಾತು, ಇಂಟರ್‌ನೆಟ್ಟು, ಭೂಮಿಯ ಚಿತ್ರ. ತಾರಸಿಯ ಮೇಲಿನ ಡಿಶ್ಶಿಗೆ ನಾವು ತಿಂಗಳು ತಿಂಗಳು ರೀಚಾರ್ಜು ಮಾಡುತ್ತೇವಲ್ಲ, ಉಪಗ್ರಹಗಳು ಬದುಕುವುದು ಅಂಥ ಚಿಲ್ಲರೆಯಿಂದಲೇ. (ಇದರಲ್ಲೂ ಕೈ ಸುಟ್ಟುಕೊಂಡವರುಂಟು. 66 ಉಪಗ್ರಹಗಳ ಇರಿಡಿಯಂ ಫೋನು 1998ರಲ್ಲಿ ಶುರುವಾಗಿ ಮರುವರ್ಷವೇ ದಿವಾಳಿಯೆದ್ದಿತು. ಅಷ್ಟರಲ್ಲಿ ಊರೂರಿಗೆ ಅಗ್ಗದ ಮೊಬೈಲು ಬಂದಿತ್ತು.)

ಇನ್ನು ರಿಪೇರಿ ಶೆಡ್ಡಿನ ವಿಚಾರ. ಅದು ಆಗಲೇ ಬಾಗಿಲು ತೆರೆದಿದೆ. 2001ರಲ್ಲಿ ಹಾರಿಸಿದ ಇಂಟೆಲ್‌ಸ್ಯಾಟ್-901 ಎಂಬ ಸಂಪರ್ಕ ಉಪಗ್ರಹದ ಯಂತ್ರಗಳೆಲ್ಲ ಗಟ್ಟಿಮುಟ್ಟಾಗಿದ್ದವು, ಇಂಧನ ಮಾತ್ರ ತಳ ಕಂಡಿತ್ತು. ಇಂಧನ ಮುಗಿದರೆ ಉಪಗ್ರಹ ತನ್ನ ಜಾಗದಲ್ಲಿ ನಿಲ್ಲಲಾರದು. ದುಡಿಯುವ ಯಂತ್ರವನ್ನೇ ಗುಜರಿಗೆ ಕಳಿಸಬೇಕು. 2020ರ ಫೆಬ್ರವರಿಯಲ್ಲಿ ನಾರ್ಥ್‌ರಪ್ ಗ್ರುಮನ್ ಕಂಪನಿಯ ಎಂಇವಿ-1 ನೌಕೆ ಹಿಂದಿನಿಂದ ಮೆಲ್ಲಗೆ ಬಂದು, ಅದರ ಎಂಜಿನ್ನಿನ ಕೊಳವೆಯೊಳಗೆ ಒಂದು ಸಲಾಕೆ ತೂರಿಸಿ ಗಟ್ಟಿಯಾಗಿ ಹಿಡಿದುಕೊಂಡಿತು. ಇಂಧನ ತುಂಬಲಿಲ್ಲ, ತಾನೇ ಅದರ ಎಂಜಿನ್ನಾಗಿ ನಿಂತಿತು. ಮುದುಕ ಉಪಗ್ರಹ ಇನ್ನೂ ಐದು ವರ್ಷ ದುಡಿಯಿತು. 2025ರ ಏಪ್ರಿಲ್‌ನಲ್ಲಿ ಅದನ್ನು ಹಳೆಯ ಉಪಗ್ರಹಗಳ ಮಸಣದ ಕಕ್ಷೆಗೆ ಬಿಟ್ಟು ಎಂಇವಿ-1 ಮುಂದಿನ ಗಿರಾಕಿಯತ್ತ ಹೊರಟಿತು.

ನನಗೆ ಇದು ಚಂದ್ರನಿಂದ ಹೀಲಿಯಂ ಅಗೆದು ತರುವ ಕನಸಿಗಿಂತ ದೊಡ್ಡ ಸುದ್ದಿ. ಇಲ್ಲಿ ಗಿರಾಕಿ ಮೊದಲು ಹುಟ್ಟಿದ, ಗ್ಯಾರೇಜು ಆಮೇಲೆ ಬಂತು.

ಜೋಡಣೆಯ ವಿದ್ಯೆ ನಮಗೂ ಕೈಗೂಡಿದೆ: 2025ರ ಜನವರಿ 16ರಂದು ಇಸ್ರೊದ ಎರಡು ಸ್ಪೇಡೆಕ್ಸ್ ಉಪಗ್ರಹಗಳು ಕಕ್ಷೆಯಲ್ಲಿ ಒಂದಾದವು. ಸರ್ಕಾರದ ದುಡ್ಡು ಬೇಕಾದದ್ದು ಅಲ್ಲಿಗೆ. ಮುಂದಿನ ದಾರಿ ನಿಮ್ಮೂರಿನಲ್ಲೇ ಇದೆ. ನಮ್ಮ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೊದ ನಿಯಂತ್ರಣ ಕೇಂದ್ರ ಎಂಸಿಎಫ್ ಹಾಸನದ್ದೇ ಅಲ್ಲವೆ? ಯಾವುದರ ಟ್ಯಾಂಕಿನಲ್ಲಿ ಎಷ್ಟು ಇಂಧನ ಉಳಿದಿದೆ ಎಂಬ ಲೆಕ್ಕವಿಲ್ಲದೆ ಅಲ್ಲಿ ಕೆಲಸ ನಡೆಯುವುದಿಲ್ಲ. ಬಂಕು ಹಾಕಹೊರಟವರು ಮೊದಲು ಕೇಳಬೇಕಾದದ್ದು ಆ ಲೆಕ್ಕವನ್ನು.