ಕ್ಯಾಮೆರಾ ಮುಟ್ಟದಿದ್ದರೂ ಮಿಲ್ಟ್ರಿಗೆ ಹೋಗ್ತೀಯಾ?

ಒಬ್ಬನಿಗೆ ಜಿಮ್ ಹಾಕಬೇಕು. ಇನ್ನೊಬ್ಬನಿಗೆ ಅಡುಗೆ ಕಲಿತು ಹೋಟೆಲ್ ಇಡಬೇಕು. ಮತ್ತೊಬ್ಬನಿಗೆ ಫೋಟೋಗ್ರಾಫರ್ ಆಗಬೇಕು. ತುಮಕೂರಿನಲ್ಲಿ, ಮುಂದೇನು ಮಾಡಬೇಕು ಅನ್ನುವವರಿಗೆ ಸಲಹೆ ಕೊಡಲು ನಾನು ಕೂರುವ ಸಣ್ಣ ರೂಮಿಗೆ ಬರುವ ಇಂಥ ಹುಡುಗರೆಲ್ಲ ಕೊನೆಗೆ ಹೇಳುವ ಮಾತು ಒಂದೇ: "ಮಿಲ್ಟ್ರಿಗೆ ಸೇರಿದ್ರೆ ಅದೂ ಆಗುತ್ತೆ ಮೇಡಂ." ಆ 'ಅದೂ' ಅನ್ನುವ ಪದದ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ. ಇಂಥದ್ದೇ ಒಂದು ಪ್ರಕರಣದಲ್ಲಿ ನನ್ನ ಲೆಕ್ಕವೂ ತಪ್ಪಾಯಿತು.

ಹುಡುಗನನ್ನು ಮಂಜ ಅಂತಿಟ್ಟುಕೊಳ್ಳಿ. ಅದು ಅವನ ಹೆಸರಲ್ಲ, ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಶಿರಾ ಕಡೆಯವನು, ವಯಸ್ಸು 19, ಪಿಯುಸಿ ಪಾಸು. ಮದುವೆ ಸೀಸನ್‌ನಲ್ಲಿ ಒಂದು ಸ್ಟುಡಿಯೋದವರ ಜೊತೆ ಲೈಟ್ ಹಿಡಿಯಲು ಹೋಗುತ್ತಿದ್ದ. ಆಷಾಢ ಬಂದರೆ ಮನೆಯಲ್ಲೇ. ಮೊದಲ ಸಲ ಅಮ್ಮನ ಜೊತೆ ಬಂದ. ಜೊತೆಗೆ ಸೋದರಮಾವನೂ ಇದ್ದರು, ಹವಾಲ್ದಾರ್ ಆಗಿ ರಿಟೈರ್ ಆದವರು. ಮಾತೆಲ್ಲ ಮಾವನದೇ.

"ನಾಲ್ಕು ವರ್ಷ ಮೇಡಂ. 12 ಲಕ್ಷ ಕೈಗೆ ಬರುತ್ತೆ. ಅಷ್ಟರಲ್ಲಿ ಇವನು ಅಲ್ಲೇ ಫೋಟೋಗ್ರಫಿನೂ ಕಲೀತಾನೆ."

ಮಂಜ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಅಮೆರಿಕದ ಸೈನಿಕನೊಬ್ಬ, ಹೆಗಲಿಗೆ ಎರಡು ಕ್ಯಾಮೆರಾ. ಅದು ಸುಳ್ಳೇನಲ್ಲ. ಅಲ್ಲಿ ಸೇನೆಗೆ ಸೇರುವಾಗಲೇ ಯಾವ ಕೆಲಸ ಬೇಕು ಅಂತ ನೋಡಿಕೊಂಡು ಸೇರಬಹುದು. ಫೋಟೋ, ವಿಡಿಯೋ ಕೆಲಸಕ್ಕೆ ಹೋಗುವವರಿಗೆ ಮೇರಿಲ್ಯಾಂಡ್‌ನ ಫೋರ್ಟ್ ಮೀಡ್‌ನಲ್ಲಿ ಸೇನೆಯದೇ ಶಾಲೆ ಇದೆ. ನಮ್ಮ ಕಡೆ ಅಗ್ನಿವೀರ್, ಅಂದರೆ ನಾಲ್ಕು ವರ್ಷದ ಸೈನಿಕ, ಭರ್ತಿಗೆ ಹೋದರೆ ಸಿಗುವುದು ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್, ಟ್ರೇಡ್ಸ್‌ಮನ್. ಟ್ರೇಡ್ಸ್‌ಮನ್‌ನಲ್ಲಿ ಅಡುಗೆಯವರು, ದರ್ಜಿ, ಕ್ಷೌರಿಕ ಎಲ್ಲ ಇದ್ದಾರೆ. ಫೋಟೋಗ್ರಾಫರ್ ಇಲ್ಲ. ಇದನ್ನು ಹೇಳಿದಾಗ ಮಾವ ಸುಮ್ನಾಗಲಿಲ್ಲ: "ನಮ್ಮ ಯೂನಿಟ್‌ನಲ್ಲಿ ಒಬ್ಬ ತೆಗೀತಿದ್ದ ಮೇಡಂ. ಬಡಾಖಾನಾ, ಅಂದ್ರೆ ಯೂನಿಟ್‌ನ ದೊಡ್ಡ ಊಟ, ಇದ್ದಾಗ ಸಾಹೇಬರು ಅವನನ್ನೇ ಕರೀತಿದ್ರು." ಇದ್ದಿರಬಹುದು. ಆದರೆ ಅದು ಅವನ ಹವ್ಯಾಸ, ಸಂಬಳ ಬರುತ್ತಿದ್ದದ್ದು ಬೇರೆ ಕೆಲಸಕ್ಕೆ.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ಅವರ ಕಾಲದ ಮಿಲ್ಟ್ರಿ. ಅವರಿಗೆ ಪೆನ್ಷನ್ ಬರುತ್ತದೆ, ಕ್ಯಾಂಟೀನ್ ಕಾರ್ಡ್ ಇದೆ. 2022ರಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕು ವರ್ಷ ಮುಗಿಸಿ ಹೊರಗೆ ಬಂದವನಿಗೆ ಇವೆರಡೂ ಇಲ್ಲ. ಕಾಯಂ ಆಗುವುದು ನೂರರಲ್ಲಿ 25 ಜನ, ಅದಕ್ಕಿಂತ ಹೆಚ್ಚಿಲ್ಲ. ಆ 12 ಲಕ್ಷ ಅಂದರೆ ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಕೊಡುವ ಸೇವಾ ನಿಧಿಯ ಸುಮಾರು 11.71 ಲಕ್ಷ. ಅದರಲ್ಲಿ 5.02 ಲಕ್ಷ ಹುಡುಗನ ಸಂಬಳದಲ್ಲೇ ಹಿಡಿದದ್ದು. ಮೊದಲ ವರ್ಷ ತಿಂಗಳಿಗೆ 30 ಸಾವಿರ ಸಂಬಳ, ಕೈಗೆ 21 ಸಾವಿರ. ಹೀಗೆ ಸಂಬಳದಲ್ಲಿ ಹಿಡಿದಷ್ಟೇ ಮೊತ್ತವನ್ನು ಸರ್ಕಾರ ನಿಧಿಗೆ ಸೇರಿಸುತ್ತದೆ, ಉಳಿದದ್ದು ಬಡ್ಡಿ. ಒಳ್ಳೆಯ ದುಡ್ಡೇ, ನಿಜ. ಆದರೆ ಯಾರೋ ಬಕ್ಷೀಸು ಕೊಟ್ಟ ಹಾಗೆ ಮಾತಾಡಬಾರದು ಅಲ್ವಾ?

ಎರಡನೇ ಸಲ ಮಂಜನೊಬ್ಬನನ್ನೇ ಕರೆಸಿದೆ. ಅವನು ತೆಗೆದ ಫೋಟೋಗಳನ್ನು ತರಲು ಹೇಳಿದ್ದೆ. ಮದುವೆ ಫೋಟೋ ಒಂದೂ ತಂದಿರಲಿಲ್ಲ. ಎಲ್ಲ ಕಗ್ಗಲಡುವಿನವು. ಶಿರಾ ತಾಲ್ಲೂಕಿನ ಆ ಊರಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಗೊತ್ತಿರಬೇಕು. ಒಂದು ಫೋಟೋ ನನಗೆ ಇನ್ನೂ ಕಣ್ಣ ಮುಂದಿದೆ. ಹಕ್ಕಿ ಬಾಯಲ್ಲಿ ಕಡ್ಡಿ ಹಿಡಿದು ಗೂಡಿಗೆ ಇಳಿಯುತ್ತಿದೆ. ಕಾಲು ಕೊಂಬೆಗೆ ತಾಗಲು ಇನ್ನು ನಾಲ್ಕು ಬೆರಳು ಬಾಕಿ. ಮರದ ಕೆಳಗೆ ಒಬ್ಬ ಅಜ್ಜಿ ರಾಗಿ ಕೇರುತ್ತಿದ್ದಾಳೆ, ತಲೆ ಎತ್ತಿ ಕೂಡ ನೋಡಿಲ್ಲ.

"ಮೂರು ದಿನ ಕೂತಿದ್ದೆ ಮೇಡಂ. ಅಜ್ಜಿ ದಿನಾ ಬರೋರು. ಹಕ್ಕಿ ಬಂದಾಗ ಅಜ್ಜಿ ಇರ್ತಿರಲಿಲ್ಲ."

ಇಂಥ ಹುಡುಗನನ್ನು ಬಂದೂಕಿನ ಕಡೆ ಕಳಿಸುವುದಾ ಅಂತ ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಅದಕ್ಕೇ ಆ ಪ್ರಶ್ನೆ ಕೇಳಿದೆ. ನಿಜ ಹೇಳಬೇಕೆಂದರೆ, 'ಇಲ್ಲ' ಅನ್ನಲಿ ಅಂತಲೇ ಕೇಳಿದ್ದು.

"ನಾಲ್ಕು ವರ್ಷ ನಿನ್ನ ಕೈಗೆ ಯಾರೂ ಕ್ಯಾಮೆರಾ ಕೊಡಲ್ಲ ಅಂದ್ರೂ ಹೋಗ್ತೀಯಾ?"

ಅವನು ಫೋಟೋಗಳನ್ನು ಜೋಡಿಸಿ ಕವರಿಗೆ ಹಾಕಿದ. ಆಮೇಲೆ ಹೇಳಿದ, "ಹೋಗ್ತೀನಿ ಮೇಡಂ. ಅಪ್ಪ ಎರಡು ಬೋರ್ ಕೊರೆಸಿದ್ರು, ಎರಡೂ ಫೇಲು. ಸಾಲ ಇದೆ. ಸ್ಟುಡಿಯೋದಲ್ಲಿ ಲೈಟ್ ಹಿಡ್ಕೊಂಡು ಅದು ತೀರಲ್ಲ. ಫೋಟೋಗ್ರಫಿ ಅಂತ ಹೇಳಿದ್ದು ನಮ್ಮ ಮನೆಯವರಿಗಲ್ಲ, ನನಗೇ ಸಮಾಧಾನಕ್ಕೆ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ದಿನ ಮಾವನೇ ತಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಹುಡುಗ ತಾನಾಗಿಯೇ ಹೊರಟಿದ್ದ. ಬಾಗಿಲ ಹತ್ತಿರ ಹೋದವನು ತಿರುಗಿ ಇನ್ನೊಂದು ಮಾತು ಹೇಳಿದ.

"ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ. ಬೀರುವಿನಲ್ಲಿ ಇಟ್ರೆ ಒಂದು ಮಳೆಗಾಲ ಸಾಕು."

ಮೂರನೇ ಸಲ ಬಂದಾಗ ನಾನು ಕೊಟ್ಟ ಸಲಹೆ ಇದು. ಹೋಗು. ಸಾಲಕ್ಕೆ ಅಂತ, ಕೆಲಸಕ್ಕೆ ಅಂತ ಹೋಗು. ಕ್ಯಾಮೆರಾವನ್ನು ಆ ಲೆಕ್ಕದಲ್ಲಿ ಸೇರಿಸಬೇಡ. ಅಲ್ಲಿ ಕಂಡದ್ದನ್ನೆಲ್ಲ ತೆಗೆಯುವ ಹಾಗಿಲ್ಲ. ಕ್ಯಾಂಪು, ಪೋಸ್ಟು, ಗಾಡಿ ಯಾವುದರ ಫೋಟೋನೂ ನಿನ್ನ ಪೋರ್ಟ್‌ಫೋಲಿಯೋಗೆ ಬರಲ್ಲ. ಅವರೇ ಹೇಳಿ ತೆಗೆಸಿದ್ದರ ಹಕ್ಕು ಸರ್ಕಾರದ್ದು. 2020ರ ಜುಲೈನಲ್ಲಿ ಸೇನೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ ಅದರಲ್ಲಿದ್ದವು. ಹಾಗಾಗಿ ಯೂನಿಫಾರ್ಮ್‌ನಲ್ಲಿ ಇದ್ದುಕೊಂಡು ಫೋಟೋ ಪೇಜ್ ನಡೆಸುವ ಆಸೆ ಬಿಡು. ನಡುವೆ ಮನಸ್ಸು ಬದಲಾಯಿತು ಅಂತ ಮನೆಗೆ ಬರುವುದೂ ಸುಲಭ ಅಲ್ಲ. ಆದರೆ ವರ್ಷಕ್ಕೆ 30 ದಿನ ರಜೆ ಇದೆ. ಆ ದಿನಗಳು ನಿನ್ನವು.

ರಜೆ ಅಂದಾಗ ಅವನ ಮುಖ ಸಪ್ಪಗಾಯಿತು. 30 ದಿನದಲ್ಲಿ ಏನಾಗುತ್ತೆ ಅನ್ನುವ ಹಾಗೆ. ಆಗ ಅವನಿಗೆ ಲಿನಿಯಸ್ ಟ್ರೈಪ್ ಕಥೆ ಹೇಳಿದೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ಅಧಿಕಾರಿ. ಅವನು ಫೋಟೋಗ್ರಫಿ ಶುರು ಮಾಡಿದ್ದು ರಜೆ ಹಾಕಿ ಇಂಗ್ಲೆಂಡಿಗೆ ಹೋಗಿದ್ದಾಗ. ವಾಪಸ್ ಬಂದು 1854ರಲ್ಲಿ ತನ್ನ ಆಸಕ್ತಿಗೆ ಬೇಲೂರು, ಹಳೇಬೀಡಿನ ಫೋಟೋ ತೆಗೆದ. ಮದ್ರಾಸ್ ಸರ್ಕಾರ ಅವನನ್ನು ಫೋಟೋಗ್ರಾಫರ್ ಅಂತ ನೇಮಿಸಿದ್ದು ಅದಾದ ಮೇಲೆ, 1856ರಲ್ಲಿ. ಅವನು ಸಾಹೇಬ, ರಜೆಯೂ ವರ್ಷಗಟ್ಟಲೆ, ಮಂಜನಿಗೂ ಅವನಿಗೂ ಎಲ್ಲಿಯ ಹೋಲಿಕೆ ಅಂತ ನೀವು ಕೇಳಬಹುದು. ಒಪ್ಪುತ್ತೇನೆ. ಆದರೂ ಸೇನೆ ಅವನಿಗೆ ಫೋಟೋಗ್ರಫಿ ಕಲಿಸಲಿಲ್ಲ, ಕಲಿತವನನ್ನು ಬಳಸಿಕೊಂಡಿತು.

ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿಗೆ ಈ ಸಲಹೆ ಹಿಡಿಸಲಿಲ್ಲ. "ಹೆಸರಘಟ್ಟದ ಸರ್ಕಾರಿ ಫಿಲಂ ಇನ್‌ಸ್ಟಿಟ್ಯೂಟ್‌ಗೆ ಅರ್ಜಿ ಹಾಕಿಸಬೇಕಿತ್ತು, ಪ್ರತಿಭೆ ಹಾಳು ಮಾಡಿದೆ" ಅಂದಳು. ಅದನ್ನು ಮಂಜನ ಮುಂದೆ ನಾನೂ ಇಟ್ಟಿದ್ದೆ. ಸಾಲದ ಬಡ್ಡಿ ಕಟ್ಟುವವರು ಯಾರು ಅಂತ ಕೇಳಿದ, ನನ್ನ ಹತ್ತಿರ ಉತ್ತರ ಇರಲಿಲ್ಲ. ಆಸೆ ದೊಡ್ಡದು ಅಂತ ಬೇರೆಯವರ ಮನೆಯ ಸಾಲವನ್ನು ಸಣ್ಣದು ಮಾಡಿ ನೋಡುವುದು ನನಗೆ ಆಗುವುದಿಲ್ಲ. ಹಾಗಂತ ಆ ಅಜ್ಜಿಯ ಫೋಟೋ ನೆನಪಾದಾಗ ಸಂಕಟ ಆಗುವುದಿಲ್ಲ ಅಂತಲೂ ಅಲ್ಲ.

ಅದಕ್ಕೇ ಹೇಳುತ್ತೇನೆ, ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರೇ, ಮಾವಂದಿರೇ, 'ಅಲ್ಲೇ ಅದೂ ಆಗುತ್ತೆ' ಅನ್ನುವ ಬೆಲ್ಲ ಹಚ್ಚಬೇಡಿ. ಹುಡುಗ ಅದನ್ನು ನಂಬಿಕೊಂಡು ಹೋಗುತ್ತಾನೆ. ದುಡ್ಡು ಬೇಕು ಅಂದರೆ ದುಡ್ಡು ಬೇಕು ಅಂತಲೇ ಹೇಳಿ.

ಮಂಜ ಆನ್‌ಲೈನ್ ಪರೀಕ್ಷೆ ಪಾಸಾದ. 1.6 ಕಿಲೋಮೀಟರ್ ಓಟ 5 ನಿಮಿಷ 40 ಸೆಕೆಂಡಿಗೆ ಮುಗಿಸಿದ. ಇನ್ನು ಹತ್ತು ಸೆಕೆಂಡು ಬೇಗ ಓಡಿದ್ದರೆ ಪೂರ್ತಿ 60 ಅಂಕ ಸಿಗುತ್ತಿತ್ತು, 48 ಸಿಕ್ಕಿತು. ಈಗ ಟ್ರೈನಿಂಗ್‌ನಲ್ಲಿದ್ದಾನೆ.

ಕ್ಯಾಮೆರಾ ಬೀರು ಸೇರಲಿಲ್ಲ. ಹೊರಡುವ ಮುಂಚೆ ತಂಗಿಗೆ ಹದಿನೈದು ದಿನ ಕಲಿಸಿದ್ದ. ಕಳೆದ ತಿಂಗಳು ಅವಳೇ ನನಗೆ ಫೋನ್ ಮಾಡಿದ್ದಳು, ಪಕ್ಕದ ಬೀದಿಯಲ್ಲಿ ನಾಮಕರಣ ಅಂತೆ.

"ಎಷ್ಟು ತಗೋಬೇಕು ಮೇಡಂ? ಅಣ್ಣನಿಗೆ ಫೋನ್ ಸಿಗ್ತಿಲ್ಲ."