ನಡು ಮಡಿಯುವ ಡಂಪರುಗಳಲ್ಲಿ ಯಾವುದನ್ನು ನಂಬಬಹುದು?

ಪ್ರಶ್ನೆ: ನಾನು ಮೂಲತಃ ದಾವಣಗೆರೆಯವನು. ಕೆಲವು ವರ್ಷಗಳಿಂದ ಉತ್ತರ ಇಂಗ್ಲೆಂಡಿನಲ್ಲಿ ಮಣ್ಣು ಕೆಲಸ ಮಾಡುವ ಒಂದು ಗುತ್ತಿಗೆ ಸಂಸ್ಥೆಯ ಯಂತ್ರ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ರಸ್ತೆ ಮತ್ತು ಬಡಾವಣೆ ಕೆಲಸಗಳಲ್ಲಿ ಒದ್ದೆ ಜೇಡಿಮಣ್ಣು ಸಾಗಿಸಲು 30 ಟನ್ ದರ್ಜೆಯ ಮೂರು ಆರ್ಟಿಕ್ಯುಲೇಟೆಡ್ (ನಡು ಮಡಿಯುವ) ಡಂಪರುಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳಬೇಕಾಗಿದೆ. ವೋಲ್ವೊ, ಬೆಲ್, ಕ್ಯಾಟರ್‌ಪಿಲ್ಲರ್, ಕೊಮಾಟ್ಸು ಈ ನಾಲ್ಕೂ ಸಿಗುತ್ತವೆ. ಚಾಲಕರನ್ನು ಕೇಳಿದರೆ ಒಬ್ಬೊಬ್ಬರೂ ತಾವು ಓಡಿಸಿದ್ದನ್ನೇ ಹೊಗಳುತ್ತಾರೆ. ನಿಜವಾಗಿ ಯಾವ ಕಂಪನಿಯ ಯಂತ್ರ ಕಡಿಮೆ ಕೆಡುತ್ತದೆ?
– ಓದುಗರು, ಲೀಡ್ಸ್

ಉತ್ತರ: ನೀವು ಹೆಸರಿಸಿದ ನಾಲ್ಕರಲ್ಲಿ ಕೈಬಿಡಬೇಕಾದ್ದು ಯಾವುದೂ ಇಲ್ಲ. ಹತ್ತು ಸಾವಿರ ಗಂಟೆ ದಾಟಿದ ಯಂತ್ರಗಳ ಮಟ್ಟಿಗೆ ಹೇಳುವುದಾದರೆ, ಒಂದು ಕಂಪನಿಗೂ ಇನ್ನೊಂದು ಕಂಪನಿಗೂ ಇರುವ ವ್ಯತ್ಯಾಸಕ್ಕಿಂತ, ಒಂದೇ ಕಂಪನಿಯ ಚೆನ್ನಾಗಿ ನೋಡಿಕೊಂಡ ಯಂತ್ರಕ್ಕೂ ಹಾಗೆ ನೋಡಿಕೊಳ್ಳದ ಯಂತ್ರಕ್ಕೂ ಇರುವ ವ್ಯತ್ಯಾಸವೇ ಹೆಚ್ಚೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಕಂಪನಿಯ ಹೆಸರಿಗೆ ಬೆಲೆಯೇ ಇಲ್ಲವೆಂದಲ್ಲ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಯಾರು ಮಾಡಿದ್ದಾರೆ, ಬ್ರೇಕ್ ಯಾವ ಬಗೆಯದು, ಕೆಟ್ಟ ದಿನ ಬಿಡಿಭಾಗ ಎಲ್ಲಿಂದ ಬರಬೇಕು ಎಂಬ ಮೂರು ವಿಷಯಗಳಲ್ಲಿ ಆ ಹೆಸರು ನಿಮ್ಮ ಲೆಕ್ಕವನ್ನು ಮುಟ್ಟುತ್ತದೆ.

ಮೊದಲನೆಯದನ್ನು ನೋಡೋಣ. ಸ್ವೀಡನ್ನಿನ ಬ್ರೋಸ್ ಎಂಬ ಊರಿನಲ್ಲಿ 1966ರಲ್ಲಿ ಹೊರಬಂದ ಡಿಆರ್ 631 ಎಂಬ 10 ಟನ್ನಿನ ಯಂತ್ರವೇ ಈ ಬಗೆಯ ಡಂಪರುಗಳಲ್ಲಿ ಸಾಲಾಗಿ ತಯಾರಾದ ಮೊದಲನೆಯದು. ಇಂದಿನ ವೋಲ್ವೊ ಡಂಪರುಗಳ ವಂಶ ಅಲ್ಲಿಂದಲೇ ಬಂದಿದೆ. ವೋಲ್ವೊ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ತಾನೇ ರೂಪಿಸುತ್ತದೆ. ಕೊಮಾಟ್ಸುವಿನ ಎಚ್‌ಎಂ300ರ ಕಥೆಯೂ ಹೆಚ್ಚುಕಡಿಮೆ ಇದೇ. ಕ್ಯಾಟರ್‌ಪಿಲ್ಲರ್‌ನ ಡಂಪರುಗಳು ನಿಮ್ಮ ಉತ್ತರ ಇಂಗ್ಲೆಂಡಿನದೇ ಪೀಟರ್‌ಲೀ ಊರಿನ ಡಿಜೆಬಿ ಎಂಬ ಸಂಸ್ಥೆಯಿಂದ ಬಂದವು. ಆ ಸಂಸ್ಥೆ ಮೊದಲಿನಿಂದಲೂ ಕ್ಯಾಟರ್‌ಪಿಲ್ಲರ್ ಎಂಜಿನ್, ಗೇರ್‌ಬಾಕ್ಸ್‌ಗಳನ್ನೇ ಬಳಸುತ್ತಿತ್ತು, ಮುಂದೆ ಆ ಕಾರ್ಖಾನೆ ಕ್ಯಾಟರ್‌ಪಿಲ್ಲರ್‌ನ ಕೈಸೇರಿತು. ದಕ್ಷಿಣ ಆಫ್ರಿಕದ ರಿಚರ್ಡ್ಸ್ ಬೇ ಊರಿನ ಬೆಲ್ ಕಂಪನಿಯ ದಾರಿ ಬೇರೆ: ಬಿ30ಇ ಮಾದರಿಯಲ್ಲಿ ಎಂಜಿನ್ ಮರ್ಸಿಡಿಸ್-ಬೆಂಜ್‌ನದು, ಗೇರ್‌ಬಾಕ್ಸ್ ಅಲಿಸನ್‌ನದು.

ಇವೆರಡು ಪದ್ಧತಿಗಳಲ್ಲಿ ಯಾವುದು ಮೇಲೆಂದು ಕೇಳಿದರೆ, ಉತ್ತರ ನಿಮ್ಮ ವರ್ಕ್‌ಶಾಪಿನ ಮೇಲೆ ನಿಲ್ಲುತ್ತದೆ. ಎಲ್ಲವನ್ನೂ ಒಬ್ಬರೇ ಮಾಡಿದಲ್ಲಿ ಹೊಣೆಯೂ ಒಬ್ಬರದೇ ಆಗಿರುತ್ತದೆ. ದೋಷ ಗೇರ್‌ಬಾಕ್ಸಿನದೋ ಎಂಜಿನ್ ಕಂಟ್ರೋಲರಿನದೋ ಎಂದು ಇಬ್ಬರು ಡೀಲರುಗಳ ನಡುವೆ ನೀವು ಅಲೆಯಬೇಕಾಗುವುದಿಲ್ಲ. ಬೇರೆಯವರ ಗೇರ್‌ಬಾಕ್ಸ್ ಕೂರಿಸಿದಲ್ಲಿ, ಅದೇ ಗೇರ್‌ಬಾಕ್ಸ್ ಬಸ್ಸು, ಲಾರಿ, ಅಗ್ನಿಶಾಮಕ ವಾಹನಗಳಲ್ಲೂ ಇರುವುದರಿಂದ, ಅದನ್ನು ಬಿಚ್ಚಿ ಕೂಡಿಸಬಲ್ಲ ಸ್ವತಂತ್ರ ವರ್ಕ್‌ಶಾಪುಗಳು ಸಿಗುತ್ತವೆ, ದರದಲ್ಲಿ ಪೈಪೋಟಿಯೂ ಇರುತ್ತದೆ. ವಾರಂಟಿ ಮುಗಿದ ಯಂತ್ರ ಕೊಳ್ಳುವವರಿಗೆ ಈ ಎರಡನೆಯ ಅನುಕೂಲ ಸಣ್ಣದಲ್ಲ.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಕಂಪನಿ ಯಾವುದೇ ಇರಲಿ, ಈ ಜಾತಿಯ ಯಂತ್ರ ಮೊದಲು ಸವೆಯುವ ಜಾಗ. ಮುಂದಿನ ಚೌಕಟ್ಟು ಮತ್ತು ಹಿಂದಿನ ಚೌಕಟ್ಟನ್ನು ಕೂಡಿಸುವ ನಡುಕೀಲು ಎರಡು ಕೆಲಸ ಮಾಡುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಎರಡು ಹೈಡ್ರಾಲಿಕ್ ಸಿಲಿಂಡರುಗಳು ಇಡೀ ಯಂತ್ರವನ್ನು ಅಲ್ಲಿಯೇ ಮಡಿಸುತ್ತವೆ. ಜೊತೆಗೆ ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ತಮ್ಮ ತಮ್ಮ ಪಾಡಿಗೆ ಹೊರಳುವ ಅವಕಾಶವೂ ಅಲ್ಲಿದೆ. ಹಿಂದಿನ ಬಾಡಿ ಮಗುಚಿದರೂ ಕ್ಯಾಬಿನ್ ಸಾಮಾನ್ಯವಾಗಿ ನೆಟ್ಟಗೆ ಉಳಿಯುವುದು ಈ ಹೊರಳುವಿಕೆಯಿಂದಲೇ. ಹಳ್ಳಕೊಳ್ಳದ ದಾರಿಯಲ್ಲಿ ಪ್ರತಿ ಸುತ್ತಿಗೂ ಈ ಬೇರಿಂಗುಗಳು ತಿರುಚುವ ಬಲವನ್ನು ತಾಳಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಯಂತ್ರ ನೋಡಲು ಹೋದಾಗ ಬಣ್ಣ, ಸೀಟು, ಗಂಟೆ ಮೀಟರುಗಳಿಗಿಂತ ಮೊದಲು ಅಲ್ಲಿಗೆ ಹೋಗಿರಿ. ಎಂಜಿನ್ ನಿಲ್ಲಿಸಿ, ಕೀಲಿನ ಲಾಕ್ ಬಾರ್ ಹಾಕಿಸಿದ ಮೇಲೆಯೇ ನಡುವೆ ಕಾಲಿಡಬೇಕು. ಅದು ಮನುಷ್ಯನನ್ನು ನುಜ್ಜುಗುಜ್ಜು ಮಾಡುವ ಜಾಗ. ಪಿನ್ನಿನ ಸುತ್ತ ಹೊಸ ಗ್ರೀಸಿನ ಉಂಗುರ ಕಂಡರೆ ಒಳ್ಳೆಯದು, ಆದರೆ ನಿನ್ನೆಯಷ್ಟೇ ಒತ್ತಿದ ಗ್ರೀಸನ್ನು ನಂಬಬೇಡಿ, ಅದನ್ನು ಬಟ್ಟೆಯಿಂದ ಒರೆಸಿ ನೋಡಿ. ಒಳಗಿನಿಂದ ನುಣ್ಣನೆಯ ಕೆಂಗಂದು ಪುಡಿ ಕಾಣಿಸಿದರೆ ಗ್ರೀಸಿಲ್ಲದೆ ಲೋಹ ಲೋಹವನ್ನು ಉಜ್ಜಿದೆಯೆಂದು ಅರ್ಥ. ಮೆಕ್ಯಾನಿಕ್ ಜೊತೆಗಿದ್ದರೆ, ಜ್ಯಾಕ್ ಕೊಟ್ಟು ಕೀಲಿನ ಭಾರವನ್ನು ತುಸುವೇ ಎತ್ತಿಸಿ, ಡಯಲ್ ಗೇಜ್ ಇಟ್ಟು ಕೀಲಿನ ಸಡಿಲ ಎಷ್ಟಿದೆಯೆಂದು ಅಳೆಸಿ, ಆ ಮಾದರಿಯ ಸರ್ವಿಸ್ ಕೈಪಿಡಿ ಹೇಳುವ ಮಿತಿಯೊಂದಿಗೆ ಹೋಲಿಸಿ. ಬೇರಿಂಗ್ ಬದಲಿಸುವುದಷ್ಟೇ ಆದರೆ ಹೇಗೋ ನಿಭಾಯಿಸಬಹುದು. ಬೇರಿಂಗ್ ಕೂರುವ ರಂಧ್ರವೇ ಅಗಲವಾಗಿದ್ದರೆ ವೆಲ್ಡಿಂಗ್ ತುಂಬಿಸಿ ಬೋರಿಂಗ್ ಮಾಡಿಸಬೇಕಾಗುತ್ತದೆ, ಅಂಥ ಯಂತ್ರವನ್ನು ಯಾವ ಬೆಲೆಗೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ಕಣ್ಣಿಗೆ ಕಾಣದ ಭಾಗಗಳ ಬಗ್ಗೆ ಹೇಳುವುದು ಎಣ್ಣೆ. ಗೇರ್‌ಬಾಕ್ಸ್, ಅದರ ಶಕ್ತಿಯನ್ನು ಆಕ್ಸಲ್‌ಗಳಿಗೆ ಹಂಚುವ ಡ್ರಾಪ್‌ಬಾಕ್ಸ್ ಮತ್ತು ಮೂರೂ ಆಕ್ಸಲ್‌ಗಳ ಎಣ್ಣೆಯ ಪ್ರಯೋಗಾಲಯ ವರದಿಗಳನ್ನು ಕೇಳಿ ಪಡೆಯಿರಿ. ಒಂದೇ ವರದಿ ಸಾಲದು, ಏರಿಕೆ ಗೊತ್ತಾಗಲು ಸಾಲಾಗಿ ಕೆಲವು ಬೇಕು. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದ್ದರೆ ಸೀಲಿನ ಮೂಲಕವೋ ಉಸಿರಾಟದ ಕೊಳವೆಯ ಮೂಲಕವೋ ಮಣ್ಣು ಒಳಹೊಕ್ಕಿದೆ. ಕಬ್ಬಿಣದ ಅಂಶ ಏರಿದ್ದರೆ ಗೇರು, ಬೇರಿಂಗುಗಳು ಸವೆಯುತ್ತಿವೆ. ಎಂಜಿನ್ ಎಣ್ಣೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲಂಟ್ ಸೋರಿ ಬೆರೆತಿರುವ ಸಂಭವವಿದೆ. ವರದಿಗಳೇ ಇಲ್ಲ ಎನ್ನುವ ಮಾರಾಟಗಾರನ ಯಂತ್ರಕ್ಕೆ, ಹೆಸರು ಎಷ್ಟೇ ದೊಡ್ಡದಿರಲಿ, ಒಂದು ಗೇರ್‌ಬಾಕ್ಸ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಿ.

ಬ್ರೇಕಿನಲ್ಲಿ ಮಾತ್ರ ಮಾದರಿಗಳ ನಡುವೆ ಸ್ಪಷ್ಟ ಭೇದವಿದೆ. ವೋಲ್ವೊ ಎ30 ಸಾಲಿನ ಹಳೆಯ ಮಾದರಿಗಳಲ್ಲಿ ಒಣ ಡಿಸ್ಕ್ ಬ್ರೇಕುಗಳಿದ್ದರೆ, ಬೆಲ್ ಬಿ30ಇಯಲ್ಲಿ ಎಣ್ಣೆಯಲ್ಲಿ ಮುಳುಗಿದ ಡಿಸ್ಕುಗಳಿವೆ. ಜೇಡಿಮಣ್ಣಿನ ನೀರಿನಲ್ಲಿ ಒಣ ಡಿಸ್ಕು, ಪ್ಯಾಡುಗಳು ಬೇಗ ಸವೆಯುತ್ತವೆ. ಆದರೆ ಆ ಸವೆತ ಕಣ್ಣಿಗೆ ಕಾಣುತ್ತದೆ, ಪ್ಯಾಡ್ ಬದಲಿಸುವುದು ದೊಡ್ಡ ಕೆಲಸವೂ ಅಲ್ಲ. ಎಣ್ಣೆಯ ಬ್ರೇಕಿಗೆ ಕೆಸರು ತಾಗುವುದಿಲ್ಲ, ವರ್ಷಗಟ್ಟಲೆ ತಂಟೆ ಕೊಡದೆ ನಡೆಯುತ್ತದೆ. ಕೆಟ್ಟಾಗ ಮಾತ್ರ ಆಕ್ಸಲ್ ಬಿಚ್ಚಬೇಕು. ನಿಮ್ಮ ಒದ್ದೆ ಮಣ್ಣಿನ ಕೆಲಸಕ್ಕೆ ಎಣ್ಣೆಯ ಬ್ರೇಕೇ ವಾಸಿ. ಇಳಿಜಾರಿನಲ್ಲಿ, ಚಕ್ರದ ಬ್ರೇಕ್ ಒತ್ತದೆಯೇ ವೇಗ ತಗ್ಗಿಸುವ ರಿಟಾರ್ಡರ್ ಬಳಸುವ ಅಭ್ಯಾಸ ಚಾಲಕನಿಗಿದ್ದರೆ ಎರಡೂ ಬಗೆಯವು ಹೆಚ್ಚು ಕಾಲ ಬಾಳುತ್ತವೆ.

ಯೂರೋಪಿನ ಮಾಲಿನ್ಯ ನಿಯಮಗಳು ತಂದ ತೊಂದರೆಯನ್ನೂ ಮರೆಯುವಂತಿಲ್ಲ. ಈ ಗಾತ್ರದ ಎಂಜಿನ್‌ಗಳಿಗೆ 2014ರಿಂದ ಸ್ಟೇಜ್ 4, 2019ರಿಂದ ಸ್ಟೇಜ್ 5 ಜಾರಿಯಾಗಿದೆ. ಸ್ಟೇಜ್ 5ರ ಯಂತ್ರದಲ್ಲಿ ಮಸಿ ಹಿಡಿಯುವ ಫಿಲ್ಟರ್, ಹೊಗೆಯನ್ನು ಶುದ್ಧಗೊಳಿಸುವ ಆಡ್‌ಬ್ಲೂ ಎಂಬ ಯೂರಿಯಾ ದ್ರವದ ಟ್ಯಾಂಕು, ಹತ್ತಾರು ಸೆನ್ಸರುಗಳಿವೆ. ಎಕ್ಸ್‌ಕವೇಟರಿನ ಮುಂದೆ ಸರದಿಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಗಂಟೆಗಟ್ಟಲೆ ನಿಲ್ಲುವ ಡಂಪರಿನಲ್ಲಿ ಹೊಗೆಯ ಬಿಸಿ ಸಾಲದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಯಂತ್ರ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಇಂಥ ನಿಲುಗಡೆಗಳನ್ನು ಚಾಲಕರು ಕಂಪನಿಯ ತಲೆಗೆ ಕಟ್ಟುತ್ತಾರೆ. ಇದರಲ್ಲಿ ನಾಲ್ಕೂ ಕಂಪನಿಗಳ ಪಾಡು ಒಂದೇ.

ಹೋಲಿಸಲು ಒಂದು ಅಳತೆ ಬೇಕಲ್ಲ. ಬಹಳ ಜನ ಲಭ್ಯತೆಯ ಶೇಕಡಾವಾರನ್ನು ಮಾತ್ರ ನೋಡುತ್ತಾರೆ. ತಿಂಗಳಿಗೆ 200 ಗಂಟೆ ಕೆಲಸವಿದೆಯೆಂದುಕೊಳ್ಳಿ. ಒಂದು ಯಂತ್ರ ಒಂದೇ ಸಲ ಕೆಟ್ಟು 20 ಗಂಟೆ ನಿಂತಿತು. ಇನ್ನೊಂದು 10 ಸಲ ಕೆಟ್ಟು ಪ್ರತಿ ಸಲವೂ 2 ಗಂಟೆ ನಿಂತಿತು. ಕಾಗದದ ಮೇಲೆ ಎರಡರ ಲಭ್ಯತೆಯೂ ಶೇ 90. ಆದರೆ ಮೊದಲನೆಯದಕ್ಕೆ ಬದಲಿ ಡಂಪರನ್ನು ಬಾಡಿಗೆಗೆ ತರಬಹುದು; ಎರಡನೆಯದು 10 ಸಲ ಎಕ್ಸ್‌ಕವೇಟರನ್ನೂ ಉಳಿದ ಚಾಲಕರನ್ನೂ ಕಾಯಿಸುತ್ತದೆ. ಹಾಗಾಗಿ ಎರಡು ಕೆಡುಕುಗಳ ನಡುವಿನ ಸರಾಸರಿ ಗಂಟೆಗಳನ್ನೂ, ಒಂದು ರಿಪೇರಿಗೆ ಹಿಡಿದ ಸರಾಸರಿ ಹೊತ್ತನ್ನೂ ಬೇರೆಬೇರೆಯಾಗಿ ಬರೆದಿಡಿ. ಎರಡನೆಯ ಅಂಕಿಯಲ್ಲಿ ಯಂತ್ರದ ಗುಣಕ್ಕಿಂತ ಡೀಲರನ ಗುಣವೇ ಹೆಚ್ಚು ಕಾಣುತ್ತದೆ.

ಹೇರಿಕೆಯ ದಾಖಲೆಯನ್ನೂ ಕೇಳಿ. ಕ್ಯಾಟರ್‌ಪಿಲ್ಲರ್ ತನ್ನ ಡಂಪರುಗಳಿಗೆ ಹೇಳುವ 10-10-20 ಎಂಬ ನಿಯಮ ಎಲ್ಲ ಕಂಪನಿಗಳ ಯಂತ್ರಕ್ಕೂ ಒಪ್ಪುವಂಥದ್ದು: ಹೇರುಗಳ ಸರಾಸರಿ ನಿಗದಿತ ಭಾರವನ್ನು ಮೀರಬಾರದು, ನಿಗದಿತ ಭಾರವನ್ನು ಶೇ 10ಕ್ಕಿಂತ ಹೆಚ್ಚು ಮೀರಿದ ಹೇರುಗಳು ಒಟ್ಟು ಹೇರುಗಳ ಶೇ 10ನ್ನು ದಾಟಬಾರದು, ನಿಗದಿತ ಭಾರವನ್ನು ಶೇ 20ಕ್ಕಿಂತ ಹೆಚ್ಚು ಮೀರಿ ಒಮ್ಮೆಯೂ ಹೇರಬಾರದು. ತೂಕ ತೋರಿಸುವ ವ್ಯವಸ್ಥೆಯಿರುವ ಯಂತ್ರದ ಕಂಪ್ಯೂಟರಿನಲ್ಲಿ ಈ ದಾಖಲೆ ಉಳಿದಿರುತ್ತದೆ.

ಇಷ್ಟು ಹೇಳಿ ಆಯ್ಕೆಯನ್ನು ನಿಮಗೇ ಬಿಟ್ಟರೆ ಉತ್ತರ ಅರ್ಧವಾದೀತು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನ್ನೂ ಒಂದೇ ಕಂಪನಿಯಿಂದ, ಸಾಧ್ಯವಾದರೆ ಒಂದೇ ಮಾದರಿಯಲ್ಲಿ ಕೊಳ್ಳುತ್ತಿದ್ದೆ. ಫಿಲ್ಟರು, ಸೀಲು, 23.5ಆರ್25 ಟೈರುಗಳ ಒಂದೇ ದಾಸ್ತಾನು ಮೂರಕ್ಕೂ ಆಗುತ್ತದೆ, ಮೆಕ್ಯಾನಿಕ್ಕಿಗೂ ಕೈ ಕೂರುತ್ತದೆ. ಎಣ್ಣೆ ವರದಿಗಳು ಸಮನಾಗಿದ್ದರೆ ಒದ್ದೆ ಜೇಡಿಗೆ ನನ್ನ ಮೊದಲ ಆಯ್ಕೆ ಬೆಲ್: ಖಾಲಿ ತೂಕ ಕಡಿಮೆ, ಎಣ್ಣೆಯ ಬ್ರೇಕು, ಹೊರಗೂ ರಿಪೇರಿಯಾಗುವ ಗೇರ್‌ಬಾಕ್ಸ್. ನಾಲ್ಕೈದು ವರ್ಷದಲ್ಲಿ ಮಾರುವ ಉದ್ದೇಶವಿದ್ದರೆ ವೋಲ್ವೊ ಮುಂದೆ ಬರುತ್ತದೆ, ಏಕೆಂದರೆ ಹಳೆಯ ವೋಲ್ವೊ ಡಂಪರಿಗೆ ಗಿರಾಕಿ ಹುಡುಕುವ ಕಷ್ಟವಿಲ್ಲ. ಕ್ಯಾಟರ್‌ಪಿಲ್ಲರ್ ಅಥವಾ ಕೊಮಾಟ್ಸು ಕೊಳ್ಳುವುದಾದರೆ, ನಿಮ್ಮ ಎಕ್ಸ್‌ಕವೇಟರುಗಳೂ ಅದೇ ಕಂಪನಿಯವಾಗಿದ್ದು ಆ ಡೀಲರನ ವ್ಯಾನು ಹೇಗೂ ನಿಮ್ಮ ಕೆಲಸದ ಜಾಗಕ್ಕೆ ಬರುತ್ತಿದ್ದರೆ ಧೈರ್ಯವಾಗಿ ಕೊಳ್ಳಿ. ಪೀಟರ್‌ಲೀ ಕಾರ್ಖಾನೆ ಹತ್ತಿರವಿದೆಯೆಂಬ ಕಾರಣಕ್ಕೆ ಮಾತ್ರ ತೀರ್ಮಾನಿಸಬೇಡಿ. ಬಿಡಿಭಾಗ ಬರುವುದು ಡೀಲರನ ಉಗ್ರಾಣದಿಂದ.

ಪ್ರಶ್ನೆ: ಸಂಡೂರಿನ ಕಬ್ಬಿಣದ ಅದಿರು ಗಣಿಗಳಲ್ಲಿ ಟಿಪ್ಪರುಗಳ ಬದಲು ಇಂಥ ಡಂಪರುಗಳನ್ನು ಬಳಸಿದರೆ ಕೆಡುವುದು ಕಡಿಮೆಯಾಗುವುದಿಲ್ಲವೇ?
– ಓದುಗರು, ಹೊಸಪೇಟೆ

ಉತ್ತರ: ಕಡಿಮೆಯಾಗುವುದಿಲ್ಲ, ಖರ್ಚು ಮಾತ್ರ ಹೆಚ್ಚುತ್ತದೆ. ಆರೂ ಚಕ್ರಗಳಿಗೆ ಶಕ್ತಿ ಕೊಡುವ, ನಡು ಮಡಿಯುವ ರಚನೆ ಮೆತ್ತನೆಯ ನೆಲಕ್ಕಾಗಿ ಹುಟ್ಟಿದ್ದು. ಗಟ್ಟಿಯಾದ, ಗ್ರೇಡರ್ ಹೊಡೆದ ಗಣಿ ರಸ್ತೆಯಲ್ಲಿ ಆ ಹೆಚ್ಚುವರಿ ಆಕ್ಸಲ್, ಗೇರು, ಕೀಲುಗಳು ಕೆಲಸಕ್ಕೆ ಬಾರದೆ ಸವೆಯುತ್ತವೆ, ಟೈರುಗಳೂ ಅಷ್ಟೇ. ಅಂಥಲ್ಲಿ 8×4 (ಎಂಟು ಚಕ್ರಗಳಲ್ಲಿ ನಾಲ್ಕಕ್ಕೆ ಶಕ್ತಿಯಿರುವ) ಟಿಪ್ಪರುಗಳೋ, ಮೈಸೂರಿನಲ್ಲಿ ಬಿಇಎಂಎಲ್ ತಯಾರಿಸುವಂಥ ಮಡಿಯದ ಚೌಕಟ್ಟಿನ ಡಂಪರುಗಳೋ ಟನ್ನಿಗೆ ಕಡಿಮೆ ಖರ್ಚಿನಲ್ಲಿ ದುಡಿಯುತ್ತವೆ. ಮಳೆಗಾಲದಲ್ಲಿ ಮೇಲ್ಮಣ್ಣು ತೆಗೆಯುವ ಹಂತದಲ್ಲಿ, ಟಿಪ್ಪರುಗಳು ಹೂತುಕೊಂಡು ದಿನಗಟ್ಟಲೆ ನಿಲ್ಲುವಂತಿದ್ದರೆ, ಆ ಕೆಲವು ತಿಂಗಳ ಮಟ್ಟಿಗೆ ಒಂದೆರಡನ್ನು ಬಾಡಿಗೆಗೆ ತರಿಸುವ ಲೆಕ್ಕ ಹಾಕಬಹುದು. ಅದಕ್ಕೂ ಮೊದಲು ಅದೇ ಹಣದಲ್ಲಿ ರಸ್ತೆಗೆ ಜಲ್ಲಿ ಹಾಸಿ, ಪಕ್ಕದಲ್ಲಿ ಚರಂಡಿ ತೆಗೆಸಿದರೆ ಟಿಪ್ಪರುಗಳೇ ಓಡಬಲ್ಲವೇ ಎಂದು ನೋಡಿರಿ.