ಹಳೇ ಲ್ಯಾಪ್‌ಟಾಪಿಗೆ ವಿಂಡೋಸಾ, ಲಿನಕ್ಸಾ?

ಪ್ರಶ್ನೆ: ನಮ್ಮನೇಲಿ ಒಂದು ವಾರದಿಂದ ಇದೇ ಚರ್ಚೆ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು, ಮಗ ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸ್. ಲ್ಯಾಪ್‌ಟಾಪ್ 2016ರದ್ದು, 4 ಜಿಬಿ ರ‍್ಯಾಮ್, ವಿಂಡೋಸ್ 10. ಇದಕ್ಕೆ ಹನ್ನೊಂದು ಹಾಕ್ಲಿಕ್ಕೆ ಆಗುದಿಲ್ಲ, ಹೊಸತೇ ತಗೊಳ್ಳಿ ಅಂತ ಅಂಗಡಿಯವರು. ವಿಂಡೋಸಿನ ಬದಲಿಗೆ ಶಾಲೆಯಲ್ಲಿರುವ ಲಿನಕ್ಸ್ ಸಿಸ್ಟಮನ್ನೇ ಹಾಕುವ ಅಂತ ಮಗ. ಅದು ಇಂಜಿನಿಯರುಗಳಿಗೆ, ನಮಗಲ್ಲ ಅಂತ ಬೆಂಗಳೂರಲ್ಲಿರುವ ಭಾವ. ನಾನು ಯಕ್ಷಗಾನ ಸಂಘದ ಆಮಂತ್ರಣ, ವರದಿ ಎಲ್ಲ ಹದಿನೈದು ವರ್ಷದಿಂದ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿಟ್ಟವ. ಯಾವುದು ಒಳ್ಳೇದು?

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಪ್ರೊಸೆಸರ್ ಬೇಕು, 2016ರ ಮೆಷಿನ್ ಅದಕ್ಕಿಂತ ಹಿಂದಿನದ್ದು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಹಾಗಾಗಿ ಅದರಲ್ಲೇ ಬ್ಯಾಂಕ್ ಕೆಲಸ ಮುಂದುವರಿಸುದು ಬೇಡ. ಆದ್ರೆ ಸರಿ ಇರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುದಕ್ಕೆ ಅದು ಕಾರಣ ಅಲ್ಲ ಮಾರಾಯ್ರೆ.

ಮಗ ಹೇಳುದು ಸರಿ ಉಂಟು. ಕೇರಳದ ಶಾಲೆಗಳಲ್ಲಿ ಕೈಟ್‌ನವರು (ಶಾಲೆಗಳ ಐಟಿ ನೋಡುವ ಸರಕಾರಿ ಸಂಸ್ಥೆ) ಉಬುಂಟು ಅನ್ನುವ ಲಿನಕ್ಸಿನ ಆಧಾರದಲ್ಲಿ ಮಾಡಿದ ಗ್ನೂ ಲಿನಕ್ಸ್ ಇರುದು, ಐಟಿ ಪಾಠದಲ್ಲಿ ಚಿತ್ರಕ್ಕೆ ಜಿಂಪ್, ಇಂಕ್‌ಸ್ಕೇಪ್, ಬರೆಯುದಕ್ಕೆ ಲೆಕ್ಕಕ್ಕೆ ಲಿಬ್ರೆ ಆಫೀಸ್ ಎಲ್ಲ ಅದರಲ್ಲೇ, ಎಸ್ಸೆಸ್ಸೆಲ್ಸಿಯ ಐಟಿ ಪ್ರಾಕ್ಟಿಕಲ್ ಕೂಡ ಅದರಲ್ಲೇ, ಹಾಗಿರುವಾಗ ಮನೇಲಿ ಬೇರೆ ಇಟ್ಟು ಅವನಿಗೆ ಎರಡೆರಡು ಸಲ ಕಲಿಯುವ ಕಷ್ಟ ಯಾಕೆ? ಭಾವನಿಗೆ ಒಂದು ಮಾತು ಹೇಳಿ, ಅವರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ರೆ ಅದರ ಕರ್ನಲ್, ಅಂದ್ರೆ ಒಳಗಿನ ತಿರುಳು, ಲಿನಕ್ಸೇ, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು.

ಹಾಗಂತ ವಿಂಡೋಸ್ ಬೇಡವೇ ಬೇಡ ಅಂತ ನಾನು ಹೇಳುದಿಲ್ಲ. ಟ್ಯಾಲಿ, ಫೋಟೋಶಾಪ್, ಕೋರೆಲ್ ಡ್ರಾ ಬೇಕಾದವರಿಗೆ ಅದೇ ಸುಲಭ. ಕೆಲವು ಹಳೇ ಪ್ರಿಂಟರಿಗೆ ಲಿನಕ್ಸಲ್ಲಿ ಡ್ರೈವರ್ ಸಿಗುದಿಲ್ಲ, ಮ್ಯಾಕ್ರೋ (ಫೈಲಿನೊಳಗಿನ ಸಣ್ಣ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಫೈಲ್ ಲಿಬ್ರೆ ಆಫೀಸಲ್ಲಿ ಕೆಡುದೂ ಉಂಟು. ಸಂಘದ ಸಾದಾ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ.

ನನಗೆ ಚಿಂತೆ ಆದದ್ದು ನಿಮ್ಮ ಕೊನೇ ಮಾತಿಂದ. ಹದಿನೈದು ವರ್ಷದ ಆ ಫೈಲುಗಳು ಹಳೇ ನುಡಿ ಫಾಂಟಲ್ಲಿ ಇದ್ರೆ ಅದರೊಳಗೆ ಇರುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರದ ಕೋಡು, ಫಾಂಟು ಅದಕ್ಕೆ ಕನ್ನಡದ ರೂಪ ಹಾಕಿ ತೋರಿಸ್ತದೆ ಅಷ್ಟೆ. ಫಾಂಟ್ ಇಲ್ಲದ ಮೆಷಿನಲ್ಲಿ ತೆರೆದ್ರೆ ಟೋಪಿ ಚುಕ್ಕೆ ಇಟ್ಟ ಅಕ್ಷರಗಳ ರಾಶಿ, ಸರ್ಚ್ ಕೊಟ್ರೂ ಒಂದು ಹೆಸರು ಸಿಗ್ಲಿಕ್ಕಿಲ್ಲ. ನನ್ನ ತಂದೆಯವರು ಹೀಗೆ ಟೈಪ್ ಮಾಡಿಟ್ಟ ಪ್ರಸಂಗದ ಪದ್ಯಗಳು ಕಂಪ್ಯೂಟರ್ ಬದಲಿಸಿದಾಗ ಓದ್ಲಿಕ್ಕಾಗದ ಹಾಗೆ ಆಗಿ, ಅದು ಯಾವ ಫಾಂಟ್ ಅಂತ ಹುಡುಕುದರಲ್ಲೇ ತಿಂಗಳು ಕಳೆದಿತ್ತು. ಹಾಗಾಗಿ ವಿಂಡೋಸ್ 10 ಇರುವಾಗಲೇ, ಇಂಟರ್ನೆಟ್ ತೆಗೆದಾದ್ರೂ ಸರಿ, ಎಲ್ಲವನ್ನೂ ಯೂನಿಕೋಡಿಗೆ, ಅಂದ್ರೆ ಕನ್ನಡ ಅಕ್ಷರಕ್ಕೆ ಅದರದ್ದೇ ಕೋಡು ಇರುವ ಪದ್ಧತಿಗೆ, ಕನ್ವರ್ಟ್ ಮಾಡಿ, ಅರ್ಕಾವತ್ತು ಒತ್ತಕ್ಷರ ಇರುವಲ್ಲಿ ಒಮ್ಮೆ ಕಣ್ಣಾಡಿಸಿ, ಮೂಲ ಫೈಲೂ ಆ ಫಾಂಟೂ ಬೇರೆ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ. ಯೂನಿಕೋಡ್ ಆದ ಮೇಲೆ ವಿಂಡೋಸ್, ಲಿನಕ್ಸ್, ಮ್ಯಾಕ್, ಫೋನ್ ಎಲ್ಲದರಲ್ಲೂ ಓದ್ಲಿಕ್ಕಾಗ್ತದೆ, ಆಗ ಯಾವ ಸಿಸ್ಟಂ ಅನ್ನುವ ಜಗಳಕ್ಕೆ ಅರ್ಧ ಜೀವ ಇಲ್ಲ.

ಬೆರಳಿನ ಅಭ್ಯಾಸ ತಪ್ಪುದಾ ಅಂತ ಹೆದರಬೇಡಿ, ನುಡಿಯಲ್ಲಿ ನೀವು ಕಲಿತದ್ದು ಕಗಪ ಕೀಲಿಮಣೆ (ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಜೋಡಣೆ) ಆದ್ರೆ ಅದು ಲಿನಕ್ಸಲ್ಲೂ ಉಂಟು, ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಸೇರಿಸುವಾಗ ಹುಡುಕಿ.

ಇನ್ನು ಖರ್ಚು ಮಾಡುದಿದ್ರೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯ ಆದ್ರೆ ರ‍್ಯಾಮನ್ನೂ 8 ಜಿಬಿ ಮಾಡಿಸಿ. ಇನ್‌ಸ್ಟಾಲ್ ಮಾಡುವ ಮೊದ್ಲು ಪೆನ್‌ಡ್ರೈವಿಂದಲೇ ಲಿನಕ್ಸ್ ಓಡಿಸಿ ವೈಫೈ ಹಿಡಿತದಾ, ಸೌಂಡ್ ಬರ್ತದಾ, ನಿಮ್ಮ ಪ್ರಿಂಟರಲ್ಲಿ ಒಂದು ಆಮಂತ್ರಣ ಸರಿಯಾಗಿ ಪ್ರಿಂಟ್ ಆಗ್ತದಾ ಅಂತ ಮಗನನ್ನು ಕೂರಿಸಿಕೊಂಡು ನೋಡಿ.